ಜೆಪಿಜಿಯೋ, ಪಿಎನ್‌ಜಿಯೋ? ಚಿತ್ರ ಎಲ್ಲಿಗೆ ಹೋಗಬೇಕೆಂದು ನೋಡಿ ಆರಿಸಿ

ಬ್ರಹ್ಮಕಲಶೋತ್ಸವದ ಬ್ಯಾನರ್‌ಗೆ ದೇವಸ್ಥಾನದ ಫೋಟೋ ಬೇಕು. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನೇ ಸಮಿತಿಯವರು ಪ್ರಿಂಟಿಂಗ್ ಅಂಗಡಿಗೆ ಫಾರ್ವರ್ಡ್ ಮಾಡುತ್ತಾರೆ. ಹತ್ತು ಅಡಿಯ ಬ್ಯಾನರಿನಲ್ಲಿ ದೇವಸ್ಥಾನ ಮಂಜಿನೊಳಗೆ ನಿಂತ ಹಾಗೆ ಕಾಣುತ್ತದೆ. ಅದೇ ವಾರ ಮನೆಯ ಹುಡುಗಿ ಸರಕಾರಿ ಕೆಲಸದ ಕೇರಳ ಪಿಎಸ್‌ಸಿ ಅರ್ಜಿಗೆ ಫೋಟೋ ಹಾಕಲು ಕೂತರೆ, ಫೈಲ್ ದೊಡ್ಡದಾಯಿತೆಂದು ಸೈಟು ತಿರಸ್ಕರಿಸುತ್ತದೆ. ಗಲ್ಫಿನಲ್ಲಿರುವ ಅಣ್ಣ ಐಫೋನಿನಿಂದ ಮೇಲ್ ಮಾಡಿದ ಪಾಸ್‌ಪೋರ್ಟ್ ಪುಟ, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ.

ಇವು ಮೂರೂ ಕ್ಯಾಮೆರಾದ ತಪ್ಪಲ್ಲ. ಚಿತ್ರವನ್ನು ಕಟ್ಟಿ ಕಳಿಸಿದ ರೀತಿ ಅದು ಹೋಗಬೇಕಾದ ಜಾಗಕ್ಕೆ ಹೊಂದಲಿಲ್ಲ, ಅಷ್ಟೆ. ಆ ಕಟ್ಟುವ ರೀತಿಗೆ ಫಾರ್ಮ್ಯಾಟ್ ಎನ್ನುತ್ತಾರೆ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಮೂರು-ನಾಲ್ಕು ಅಕ್ಷರ ಅದನ್ನೇ ಹೇಳುತ್ತದೆ.

ಮೊದಲು ಚುಕ್ಕಿಗಳ ಲೆಕ್ಕ

ಫೋಟೋ ಎಂದರೆ ಒತ್ತೊತ್ತಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋನಿನ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಪಿಕ್ಸೆಲ್. ಪ್ರತಿಯೊಂದಕ್ಕೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಮೂರು ಅಂಕಿ ಬರೆದಿಡಬೇಕು. ಒಂದು ಅಂಕಿಗೆ ಒಂದು ಬೈಟ್ ಹಿಡಿದರೂ 36 ಎಂಬಿ ಆಯಿತು. ಆದರೆ ಫೋನಿನಲ್ಲಿ ಅದೇ ಚಿತ್ರ ಸಾಮಾನ್ಯವಾಗಿ 3–5 ಎಂಬಿ ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಅದನ್ನು ಸಣ್ಣದು ಮಾಡಲು ಎರಡು ದಾರಿಗಳಿವೆ. ಒಂದು, ಚಾಪೆ ಸುತ್ತಿಡುವ ದಾರಿ. ಸುತ್ತಿದಾಗ ಜಾಗ ಕಡಿಮೆ ಸಾಕು, ಬಿಡಿಸಿದರೆ ಒಂದು ಎಳೆಯೂ ಕಮ್ಮಿಯಾಗಿರುವುದಿಲ್ಲ. ‘ಇಲ್ಲಿಂದ 500 ಪಿಕ್ಸೆಲ್ ಬರೀ ಬಿಳಿ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳುವ ಲೆಕ್ಕ ಇದು. ಇನ್ನೊಂದು, ಅಡಿಕೆ ಸುಲಿಯುವ ದಾರಿ. ಕೊಳ್ಳುವವನಿಗೆ ಬೇಡದ ಸಿಪ್ಪೆ ತೆಗೆದರೆ ಗೋಣಿ ಹಗುರವಾಗುತ್ತದೆ, ಆದರೆ ತೆಗೆದ ಸಿಪ್ಪೆಯನ್ನು ಮತ್ತೆ ಅಡಿಕೆಗೆ ಅಂಟಿಸಲು ಬರುವುದಿಲ್ಲ. ಪಿಎನ್‌ಜಿ ಮೊದಲನೆಯ ಜಾತಿ, ಜೆಪಿಜಿ ಎರಡನೆಯದು. ಸ್ಕ್ಯಾನ್ ಪ್ರತಿ ಇಡಲು ಬಳಸುವ ಟಿಫ್ ಸಾಮಾನ್ಯವಾಗಿ ಮೊದಲನೆಯದು. ಜಾಲತಾಣಗಳಲ್ಲಿ ಸಿಗುವ ವೆಬ್‌ಪಿಗೆ ಎರಡೂ ಗೊತ್ತು.

ಜೆಪಿಜಿ ಏನನ್ನು ಬಿಸಾಡುತ್ತದೆ

ಜೆಪಿಜಿ, ಜೆಪೆಗ್ ಎರಡೂ ಒಂದೇ. 1992ರಲ್ಲಿ ಮಾನದಂಡವಾದ ಈ ಫಾರ್ಮ್ಯಾಟ್ ಇವತ್ತಿಗೂ ಎಲ್ಲ ಕಡೆ ತೆರೆಯುತ್ತದೆ, ಅದರ ದೊಡ್ಡ ಗುಣ ಅದೇ.

ಇದು ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಹೋಳು ಮಾಡುತ್ತದೆ. ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಬೆಳಕು-ನೆರಳು ಎಷ್ಟು, ತಟತಟನೆ ಬದಲಾಗುವ ಸಣ್ಣ ವಿವರ ಎಷ್ಟು ಎಂದು ಬೇರ್ಪಡಿಸಿ, ಸಣ್ಣ ವಿವರವನ್ನು ಒರಟಾಗಿ ದುಂಡುಮಾಡಿ ಬಿಡುತ್ತದೆ. ಬಣ್ಣದಲ್ಲಿ ಇನ್ನೂ ಜಿಪುಣತನ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿಯುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲವಾದ್ದರಿಂದ, ಬಹುಪಾಲು ಜೆಪಿಜಿಗಳಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣದ ಅಂಕಿ ಇರುತ್ತದೆ.

ಬೇಕಲ ಕೋಟೆಯ ಸಂಜೆ ಆಕಾಶ, ಹಸಿರು ತೋಟ, ಮುಖ, ಇವುಗಳಲ್ಲಿ ಈ ಕಳವು ಗೊತ್ತಾಗುವುದಿಲ್ಲ. ಗೊತ್ತಾಗುವ ಜಾಗ ನೋಡಬೇಕಾದರೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಫೋಟೋ ತೆರೆದು ಮುಖವನ್ನು ಹಿಗ್ಗಿಸಿ. ಕೆಂಪು-ಕಪ್ಪು ಬಣ್ಣದ ಮೇಲೆ ಸಾಲಾಗಿ ಇಟ್ಟ ಬಿಳಿ ಚುಟ್ಟಿ ಅಂದರೆ ಜೆಪಿಜಿಗೆ ಪರೀಕ್ಷೆಯೇ ಸರಿ: ತಟತಟನೆ ಬದಲಾಗುವ ಬೆಳಕು, ಗಾಢ ಬಣ್ಣ, ಸಣ್ಣ ಚುಕ್ಕಿ ಎಲ್ಲ ಒಟ್ಟಿಗೆ. ಗುಣಮಟ್ಟ ಇಳಿಸಿದ ಫೈಲಿನಲ್ಲಿ ಬಿಡಿಬಿಡಿಯಾಗಿ ಇರಬೇಕಾದ ಚುಟ್ಟಿ ಕರಗಿ ಒಂದೇ ಪಟ್ಟಿಯಾಗಿರುತ್ತದೆ, ಅಂಚಿಗೆ ಕೆಂಪು ಸೋರಿರುತ್ತದೆ. ರಾತ್ರಿ ಆಟದ ಫೋಟೋಗಳು ಕೆಲವು ಸಲ ಹಗಲಿನವಕ್ಕಿಂತ ಹೆಚ್ಚು ಎಂಬಿ ತಿನ್ನುವುದಕ್ಕೂ ಕಾರಣ ಇಲ್ಲೇ ಇದೆ. ಕತ್ತಲೆಯಲ್ಲಿ ಕ್ಯಾಮೆರಾ ಎಬ್ಬಿಸುವ ಕಾಳು ಕಾಳಾದ ಗದ್ದಲವನ್ನೂ ಜೆಪಿಜಿ ‘ಸಣ್ಣ ವಿವರ’ ಎಂದೇ ತಿಳಿದು ಹೊತ್ತುಕೊಳ್ಳುತ್ತದೆ.

ಉಳಿಸುವಾಗ ತಂತ್ರಾಂಶ ಕೇಳುವ ‘ಕ್ವಾಲಿಟಿ’ ಅಂಕಿ ಶೇಕಡಾವಾರು ಅಲ್ಲ, ಎಷ್ಟು ಒರಟಾಗಿ ದುಂಡುಮಾಡಬೇಕು ಎಂಬ ಅಳತೆ. 80ರಿಂದ 90ರ ನಡುವೆ ಇಟ್ಟರೆ ಹೆಚ್ಚಿನ ಕೆಲಸಕ್ಕೆ ಸಾಕು. 95ರಿಂದ 100ಕ್ಕೆ ಹೋದರೆ ಫೈಲ್ ಬಹಳ ಊದಿಕೊಳ್ಳುತ್ತದೆ, ಕಣ್ಣಿಗೆ ಲಾಭ ಏನೂ ಇಲ್ಲ. 50ರ ಕೆಳಗೆ ಇಳಿದರೆ ಆಕಾಶದಲ್ಲಿ ಚೌಕಗಳು ಎದ್ದು ಕಾಣತೊಡಗುತ್ತವೆ.

ಜೆಪಿಜಿಯನ್ನು ಪದೇಪದೇ ತೆರೆದು ನೋಡಿದರೆ ಸವೆಯುತ್ತದೆ ಎಂಬ ನಂಬಿಕೆ ಇದೆ. ಹಾಗೇನಿಲ್ಲ. ನೋಡಿದರೂ, ಪೆನ್‌ಡ್ರೈವಿಗೆ ಕಾಪಿ ಮಾಡಿದರೂ ಏನೂ ಆಗದು. ತೆರೆದು, ತಿದ್ದಿ, ಮತ್ತೆ ಜೆಪಿಜಿಯಾಗಿಯೇ ಉಳಿಸಿದಾಗ ಮಾತ್ರ ಇನ್ನೊಮ್ಮೆ ಸಿಪ್ಪೆ ಸುಲಿದ ಹಾಗೆ. ನಾಲ್ಕು ಸಲ ತಿದ್ದುವುದಿದ್ದರೆ ಮಧ್ಯದ ಪ್ರತಿಗಳನ್ನು ಪಿಎನ್‌ಜಿಯಲ್ಲಿಟ್ಟು ಕೊನೆಗೊಮ್ಮೆ ಜೆಪಿಜಿ ಮಾಡಿ.

ಪಿಎನ್‌ಜಿ ಎಲ್ಲಿ ಬೇಕು

1987ರಲ್ಲಿ ಬಂದ ಗಿಫ್ ಫಾರ್ಮ್ಯಾಟ್ ಒಂದು ಚಿತ್ರಕ್ಕೆ 256 ಬಣ್ಣಗಳನ್ನಷ್ಟೇ ಕೊಡುತ್ತಿತ್ತು. ಅದರೊಳಗಿನ ಕುಗ್ಗಿಸುವ ವಿಧಾನಕ್ಕೆ ಪೇಟೆಂಟ್ ತಕರಾರು ಎದ್ದಾಗ, ಯಾರ ಹಂಗೂ ಇಲ್ಲದ ಬದಲಿಯಾಗಿ ಪಿಎನ್‌ಜಿ ತಯಾರಾಯಿತು, 1996ರಲ್ಲಿ. ಗಿಫ್‌ಗೆ ಈಗ ಉಳಿದಿರುವುದು ಕುಣಿಯುವ ‘ಶುಭೋದಯ’ಗಳ ಕೆಲಸ. ವಾಟ್ಸಾಪಿನಲ್ಲಿ ಗಿಫ್ ಎಂದು ಓಡುವುದೂ ನಿಜಕ್ಕೆ ಪುಟ್ಟ ವಿಡಿಯೋ ಫೈಲು.

ಲಾಂಛನ, ನಕ್ಷೆ, ಸ್ಕ್ರೀನ್‌ಶಾಟ್, ಅಕ್ಷರ ಹೆಚ್ಚಿರುವ ಪೋಸ್ಟರ್, ಇವು ಪಿಎನ್‌ಜಿಯ ಜಾಗ. ಸಪಾಟು ಬಣ್ಣ ಇದ್ದಲ್ಲಿ ಚಾಪೆ ಚೆನ್ನಾಗಿ ಸುತ್ತಿಕೊಳ್ಳುತ್ತದೆ, ಎಷ್ಟೋ ಸಲ ಫೈಲ್ ಜೆಪಿಜಿಗಿಂತ ಸಣ್ಣದಾಗುತ್ತದೆ. ಅದೇ ಪೋಸ್ಟರನ್ನು ಜೆಪಿಜಿ ಮಾಡಿದರೆ ಅಕ್ಷರಗಳ ಸುತ್ತ ಸೊಳ್ಳೆ ಮುತ್ತಿದಂತೆ ಬೂದು ಕಲೆಗಳು ಏಳುತ್ತವೆ. ಇನ್ನೊಂದು ವಿಷಯ ಪಾರದರ್ಶಕತೆ. ಸಂಘದ ದುಂಡನೆಯ ಲಾಂಛನವನ್ನು ಬಣ್ಣದ ಹಿನ್ನೆಲೆ ಮೇಲೆ ಕೂರಿಸುವಾಗ ಸುತ್ತ ಬಿಳಿ ಚೌಕ ಬರಬಾರದೆಂದರೆ ಪಿಎನ್‌ಜಿ ಬೇಕು, ಜೆಪಿಜಿಗೆ ‘ಇಲ್ಲಿ ಏನೂ ಇಲ್ಲ’ ಎಂದು ಬರೆದಿಡುವ ಜಾಗವೇ ಇಲ್ಲ. ಒಮ್ಮೆ ಜೆಪಿಜಿ ಮಾಡಿದ ಲಾಂಛನವನ್ನು ಮತ್ತೆ ಪಿಎನ್‌ಜಿ ಮಾಡಿದರೂ ಬಿಳಿ ಚೌಕ ಹಾಗೇ ಬರುತ್ತದೆ.

ಫೋಟೋಗಳನ್ನು ಪಿಎನ್‌ಜಿಯಲ್ಲಿ ಇಡುವುದು ಮಾತ್ರ ಬರೀ ಭಾರ. ಹಲವು ಪಟ್ಟು ದೊಡ್ಡ ಫೈಲ್, ನೋಡಲು ಅಷ್ಟೇ.

ಐಫೋನಿನ ಎಚ್‌ಇಐಸಿ, ನೆಟ್‌ನಿಂದ ಇಳಿಯುವ ವೆಬ್‌ಪಿ

ಆಪಲ್ 2017ರಿಂದ ಫೋಟೋಗಳನ್ನು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತಿದೆ. ಜೆಪಿಜಿಯ ಸುಮಾರು ಅರ್ಧ ಗಾತ್ರದಲ್ಲಿ ಅಷ್ಟೇ ಚೆನ್ನಾದ ಚಿತ್ರ ಕೂರುತ್ತದೆ. ಹಳೆಯ ವಿಂಡೋಸ್ ಕಂಪ್ಯೂಟರಿಗೆ, ಅರ್ಜಿ ಸೈಟುಗಳಿಗೆ, ಅನೇಕ ಪ್ರಿಂಟಿಂಗ್ ಅಂಗಡಿಗಳಿಗೆ ಅದು ಅರ್ಥವಾಗುವುದಿಲ್ಲ ಎಂಬುದೇ ತೊಂದರೆ. ಕಳಿಸುವವರ ಫೋನಿನಲ್ಲೇ ಸರಿಮಾಡುವುದು ಸುಲಭ: ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’. ಅಲ್ಲಿಂದ ಮುಂದೆ ತೆಗೆದವು ಜೆಪಿಜಿಯಾಗುತ್ತವೆ, ಹಿಂದಿನವು ಬದಲಾಗವು.

ಗೂಗಲ್ 2010ರಲ್ಲಿ ತಂದ ವೆಬ್‌ಪಿ ಜಾಲತಾಣಗಳಿಗೆಂದು ಮಾಡಿದ್ದು. ಬ್ರೌಸರಿನಲ್ಲಿ ಚಿತ್ರ ಉಳಿಸಿಕೊಂಡಾಗ ಎಷ್ಟೋ ಸಲ ತಾನಾಗಿ ಬರುವುದು ಇದೇ. 2019ರಲ್ಲಿ ಬಂದ ಎವಿಐಎಫ್ ಇನ್ನೂ ಸಣ್ಣದಾಗುತ್ತದೆ. ಸ್ವಂತ ಜಾಲತಾಣ ನಡೆಸುವವರಿಗೆ ಎರಡೂ ಒಳ್ಳೆಯವು, ಉಳಿದವರು ಎದುರಿಗೆ ಬಂದಾಗ ಜೆಪಿಜಿ ಮಾಡಿಕೊಂಡರೆ ಸಾಕು.

ಹಾಗೆ ಮಾಡಲು ಹೆಸರು ಬದಲಿಸಿದರೆ ಆಗುವುದಿಲ್ಲ. ಕೊನೆಯ ‘ಎಚ್‌ಇಐಸಿ’ ಅಳಿಸಿ ‘ಜೆಪಿಜಿ’ ಎಂದು ಬರೆಯುವುದೆಂದರೆ ಸೀಮೆಎಣ್ಣೆ ಡಬ್ಬಕ್ಕೆ ತೆಂಗಿನೆಣ್ಣೆಯ ಚೀಟಿ ಅಂಟಿಸಿದ ಹಾಗೆ. ಫೈಲಿನ ಮೊದಲ ಕೆಲವು ಬೈಟ್‌ಗಳಲ್ಲೇ ಅದರ ಜಾತಿ ಬರೆದಿರುತ್ತದೆ, ಸೈಟುಗಳು ಅದನ್ನು ಓದಿ ಹಿಡಿಯುತ್ತವೆ. ತೆರೆಯಬಲ್ಲ ತಂತ್ರಾಂಶದಲ್ಲಿ ತೆರೆದು ‘ಸೇವ್ ಆ್ಯಸ್’ ಒತ್ತಿ ಜೆಪಿಜಿ ಆರಿಸಬೇಕು.

ಅರ್ಜಿಯ ಫೋಟೋ: ಕೆಬಿ ಮತ್ತು ಪಿಕ್ಸೆಲ್ ಬೇರೆ ಬೇರೆ

ಕೇರಳ ಪಿಎಸ್‌ಸಿಗೆ 150 ಪಿಕ್ಸೆಲ್ ಅಗಲ, 200 ಪಿಕ್ಸೆಲ್ ಎತ್ತರದ ಜೆಪಿಜಿ ಬೇಕು, 30 ಕೆಬಿ ಮೀರಬಾರದು, ಕೆಳಗೆ ಹೆಸರು ಮತ್ತು ಫೋಟೋ ತೆಗೆದ ದಿನಾಂಕ ಇರಬೇಕು. ಬ್ಯಾಂಕ್ ಪರೀಕ್ಷೆಗಳ ಐಬಿಪಿಎಸ್ ಕೇಳುವುದು 200 × 230 ಪಿಕ್ಸೆಲ್, 20ರಿಂದ 50 ಕೆಬಿ; ಸಹಿಗೆ 140 × 60 ಪಿಕ್ಸೆಲ್, 10ರಿಂದ 20 ಕೆಬಿ. ಅರ್ಜಿ ಹಾಕುವ ದಿನ ಆ ಅಧಿಸೂಚನೆಯಲ್ಲಿ ಅಂಕಿಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಪಿಕ್ಸೆಲ್ ಎಂದರೆ ಚಿತ್ರದ ಅಳತೆ, ಕೆಬಿ ಎಂದರೆ ಫೈಲಿನ ತೂಕ. ಜನ ಎಡವುವುದು 4000 ಪಿಕ್ಸೆಲಿನ ಫೋಟೋವನ್ನು ಅದೇ ಅಳತೆಯಲ್ಲಿಟ್ಟು ‘ಕಂಪ್ರೆಸ್’ ಮಾಡುತ್ತ ಹೋಗುವುದರಲ್ಲಿ. ಮುಖ ಚೌಕಚೌಕವಾಗುತ್ತದೆ, ತೂಕ ಆಗಲೂ ಇಳಿಯದು. ಮೊದಲು ಅಳತೆ ಇಳಿಸಬೇಕು. ವಿಂಡೋಸಿನ ಪೇಂಟ್‌ನಲ್ಲೇ ಆಗುವ ಕೆಲಸ ಇದು:

1. ಮೊದಲು ಕತ್ತರಿಸಿ. ಪಿಎಸ್‌ಸಿಗಾದರೆ ಅಗಲ-ಎತ್ತರ 3ಕ್ಕೆ 4ರಂತೆ ಇರಲಿ, ಉದಾಹರಣೆಗೆ 900 × 1200. ಕತ್ತರಿಸದೆ ಬಲವಂತವಾಗಿ 150 × 200 ಕೊಟ್ಟರೆ ಮುಖ ಉದ್ದವಾಗುತ್ತದೆ ಇಲ್ಲವೇ ಅಗಲವಾಗುತ್ತದೆ.
2. ಹೆಸರು, ದಿನಾಂಕ ಈಗ ಬರೆಯಿರಿ. 900 ಪಿಕ್ಸೆಲ್ ಅಗಲ 150ಕ್ಕೆ ಇಳಿಯುವಾಗ ಅಕ್ಷರವೂ ಆರನೇ ಒಂದಾಗುತ್ತದೆ. 60 ಪಿಕ್ಸೆಲ್ ಎತ್ತರಕ್ಕೆ ಬರೆದರೆ ಕೊನೆಗೆ 10 ಪಿಕ್ಸೆಲ್ ಉಳಿಯುತ್ತದೆ, ಅದಕ್ಕಿಂತ ಸಣ್ಣದಾದರೆ ಓದಲಾಗದು.
3. ‘ರಿಸೈಜ್’ ಒತ್ತಿ, ‘ಪಿಕ್ಸೆಲ್ಸ್’ ಆರಿಸಿ, ಅಗಲಕ್ಕೆ 150 ಕೊಡಿ. ಎತ್ತರ ತಾನಾಗಿ 200 ಆಗಬೇಕು. ಆಗದಿದ್ದರೆ ಕತ್ತರಿಸಿದ್ದು ಸರಿಯಾಗಿಲ್ಲ.
4. ‘ಸೇವ್ ಆ್ಯಸ್’ ಮೂಲಕ ಜೆಪಿಜಿಯಾಗಿ ಬೇರೆ ಹೆಸರಲ್ಲಿ ಉಳಿಸಿ. ಮೂಲ ಫೋಟೋ ಹಾಗೇ ಇರಲಿ.

ಕನಿಷ್ಠ 20 ಕೆಬಿ ಎಂದಿರುವಲ್ಲಿ ಫೈಲ್ 14 ಕೆಬಿಗೆ ಇಳಿದರೂ ತಿರಸ್ಕಾರವೇ. ಪೇಂಟ್‌ನಲ್ಲಿ ಕ್ವಾಲಿಟಿ ಅಂಕಿ ಕೊಡಲು ಬರುವುದಿಲ್ಲ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ‘ಎಕ್ಸ್‌ಪೋರ್ಟ್’ ಮಾಡುವಾಗ 95ಕ್ಕೆ ಏರಿಸಿದರೆ ತೂಕ ಬರುತ್ತದೆ. ಸಹಿಯನ್ನು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಹಾಕಿ, ಹಗಲು ಕಿಟಕಿಯ ಪಕ್ಕದಲ್ಲಿ, ಕೈಯ ನೆರಳು ಬೀಳದಂತೆ ಫೋಟೋ ತೆಗೆಯಿರಿ. ನೆರಳು ಬಿದ್ದರೆ ಹಾಳೆ ಬೂದಾಗುತ್ತದೆ, ಸಹಿ ಅದರಲ್ಲಿ ಮುಳುಗುತ್ತದೆ. ‘ಕೆಬಿ ಕಡಿಮೆ ಮಾಡಿ’ ಎನ್ನುವ ಕಂಡಕಂಡ ಸೈಟುಗಳಿಗೆ ಆಧಾರ್ ಪ್ರತಿ ಏರಿಸುವುದೆಂದರೆ ಯಾರದೋ ಸರ್ವರಿಗೆ ಅದನ್ನು ಒಪ್ಪಿಸಿದಂತೆ. ಗೂಗಲ್‌ನವರ ಸ್ಕ್ವೂಶ್‌ನಂಥವು ಚಿತ್ರವನ್ನು ನಿಮ್ಮ ಬ್ರೌಸರಿನೊಳಗೇ ಕುಗ್ಗಿಸುತ್ತವೆ, ಫೈಲ್ ಹೊರಗೆ ಹೋಗುವುದಿಲ್ಲ.

ಬ್ಯಾನರ್ ಮತ್ತು ಆಮಂತ್ರಣ ಪತ್ರಿಕೆ

ಕೇರಳದಲ್ಲಿ ಪಿವಿಸಿ ಫ್ಲೆಕ್ಸ್‌ಗೆ 2019ರಲ್ಲಿ ನಿಷೇಧ ಬಂದರೂ ನಮ್ಮ ಬಾಯಲ್ಲಿ ಬಟ್ಟೆಯ ಬ್ಯಾನರೂ ‘ಫ್ಲೆಕ್ಸೇ’. ಅದರ ಲೆಕ್ಕ ಹೀಗೆ. ವಾಟ್ಸಾಪ್ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿದಿರುತ್ತದೆ. ಹತ್ತು ಅಡಿ ಎಂದರೆ 120 ಇಂಚು. ಅಷ್ಟಗಲಕ್ಕೆ ಹರಡಿದರೆ ಇಂಚಿಗೆ 13 ಪಿಕ್ಸೆಲ್, ಒಂದೊಂದು ಪಿಕ್ಸೆಲ್ ಹತ್ತಿರ ಹತ್ತಿರ 2 ಮಿಲಿಮೀಟರ್. ಸಾಸಿವೆ ಕಾಳಿನಷ್ಟು ದಪ್ಪದ ಚುಕ್ಕಿಯಲ್ಲಿ ದೇವಸ್ಥಾನದ ಕೆತ್ತನೆ ಹೇಗೆ ಮೂಡೀತು? ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು: 4 × 6 ಇಂಚಿನ ಫೋಟೋಗೆ 1200 × 1800, ಎ4 ಪುಟಕ್ಕೆ 2480 × 3508. ದೂರದಿಂದ ನೋಡುವ ಬ್ಯಾನರಿಗೆ ಇಂಚಿಗೆ 72 ಧಾರಾಳ, 30–40 ಇದ್ದರೂ ನಡೆಯುತ್ತದೆ. ಅಂದರೆ ಫೋನಿನ 4000 ಪಿಕ್ಸೆಲ್ ಮೂಲ ಫೋಟೋ ಹತ್ತು ಅಡಿಗೆ ಹೇಗೋ ಸಾಕು. ಮೂಲವನ್ನೇ ಕಳಿಸಬೇಕು ಎಂಬುದಷ್ಟೇ.

ಲಾಂಛನ ಮತ್ತು ಅಕ್ಷರಕ್ಕೆ ಪಿಕ್ಸೆಲಿನ ಗೊಡವೆಯೇ ಇಲ್ಲದ ಜಾತಿ ಇದೆ, ವೆಕ್ಟರ್. ರಂಗೋಲಿಯನ್ನು ‘ಏಳು ಚುಕ್ಕಿ, ಏಳು ಸಾಲು, ಹೀಗೆ ಎಳೆ’ ಎಂದು ಹೇಳಿಕೊಟ್ಟರೆ ಅಂಗಳದಲ್ಲೂ ಹಾಕಬಹುದು, ದೇವಸ್ಥಾನದ ಅಂಗಣದಲ್ಲೂ ಹಾಕಬಹುದು, ಗೆರೆ ಹರಿಯದು. ವೆಕ್ಟರ್ ಫೈಲಿನಲ್ಲಿರುವುದು ಇಂಥ ಸೂಚನೆ. ಎಸ್‌ವಿಜಿ, ಕೋರಲ್‌ಡ್ರಾದ ಸಿಡಿಆರ್, ಇಲ್ಲಸ್ಟ್ರೇಟರಿನ ಎಐ ಈ ಗುಂಪಿನವು. ಪಿಡಿಎಫ್ ಒಂದು ಬುಟ್ಟಿ, ಅದರೊಳಗೆ ವೆಕ್ಟರೂ ಇರಬಹುದು, ಜೆಪಿಜಿಯೂ ಇರಬಹುದು. ಮಸುಕಾದ ಜೆಪಿಜಿಯನ್ನು ಪಿಡಿಎಫ್ ಮಾಡಿದರೆ ಬುಟ್ಟಿಯೊಳಗೆ ಮಸುಕಾದ ಜೆಪಿಜಿಯೇ ಇರುತ್ತದೆ.

ಕಾಸರಗೋಡಿನಂಥ ಗಡಿನಾಡಿನಲ್ಲಿ ಇಲ್ಲೊಂದು ತೊಡಕು ಹೆಚ್ಚು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಆಮಂತ್ರಣದ ಸಿಡಿಆರ್ ಫೈಲನ್ನು ಆ ಫಾಂಟ್ ಇಲ್ಲದ ಅಂಗಡಿಯಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. ಯುನಿಕೋಡ್ ಅಕ್ಷರ ಹಳೆಯ ತಂತ್ರಾಂಶದಲ್ಲಿ ಒಡೆದು ‘ಕೃಷ್ಣ’ ಹೋಗಿ ‘ಕೃಷ್‌ಣ’ ಆದರೆ ಮಲಯಾಳ ಮಾತ್ರ ಓದುವ ಆಪರೇಟರಿಗೆ ಅದು ತಪ್ಪೆಂದು ತಿಳಿಯುವುದಿಲ್ಲ, ಸಾವಿರ ಪ್ರತಿ ಹಾಗೇ ಅಚ್ಚಾಗುತ್ತದೆ. ಇದಕ್ಕೆ ಮದ್ದು, ಕಳಿಸುವ ಮೊದಲು ಅಕ್ಷರಗಳನ್ನು ಗೆರೆಯಾಗಿ ಮಾಡಿಬಿಡುವುದು. ಕೋರಲ್‌ಡ್ರಾದಲ್ಲಿ ಎಲ್ಲವನ್ನೂ ಆರಿಸಿ (ಕಂಟ್ರೋಲ್-ಎ), ಕಂಟ್ರೋಲ್-ಕ್ಯೂ ಒತ್ತಿದರೆ ‘ಕರ್ವ್ಸ್’ ಆಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಪಾತ್ ಮೆನುವಿನ ‘ಆಬ್ಜೆಕ್ಟ್ ಟು ಪಾತ್’. ಹಾಗೆ ಮಾಡಿದ ಮೇಲೆ ಮುಹೂರ್ತದ ಸಮಯ ತಿದ್ದಬೇಕೆಂದರೂ ಬರುವುದಿಲ್ಲ, ಆದ್ದರಿಂದ ತಿದ್ದಬಲ್ಲ ಪ್ರತಿ ಬೇರೆ ಇರಲಿ. ಅಂಗಡಿಯ ಕೋರಲ್ ಹಳೆಯದಾದರೆ ಹೊಸ ಸಿಡಿಆರ್ ತೆರೆಯದು. ಉಳಿಸುವಾಗಲೇ ಹಳೆಯ ವರ್ಷನ್ ಆರಿಸಿ, ಅಥವಾ ಕೋರಲ್‌ನಿಂದಲೇ ಪಿಡಿಎಫ್ ಮಾಡಿ ಕೊಡಿ.

ಬಣ್ಣದ ಮಾತು ಒಂದೇ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣ ನಾಲ್ಕು ಶಾಯಿಯಿಂದ. ಮೊಬೈಲಿನಲ್ಲಿ ಹೊಳೆಯುವ ಕೇಸರಿ, ಗಿಳಿಹಸಿರು ಕಾಗದಕ್ಕೆ ಇಳಿದಾಗ ಮಂಕಾಗುವುದು ಸಹಜ. ಸಾವಿರ ಪ್ರತಿಗೆ ಮೊದಲು ಒಂದು ಪ್ರತಿ ತೆಗೆಸಿ ನೋಡಿ.

ಹಳೆಯ ದಾಖಲೆ, ಹಳೆಯ ಫೋಟೋ

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಅದಕ್ಕಿಂತ ಹಿಂದಿನ ಕನ್ನಡ ದಸ್ತಾವೇಜುಗಳು ಇಲ್ಲಿ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಅವನ್ನು ಇಂಚಿಗೆ 300, ಅಕ್ಷರ ತೀರಾ ಸಣ್ಣದಿದ್ದರೆ 600 ಚುಕ್ಕಿಯಂತೆ (ಸ್ಕ್ಯಾನರಿನಲ್ಲಿ ‘ಡಿಪಿಐ’), ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ ಟಿಫ್ ರೂಪದಲ್ಲಿ ಇಡಿ. ಎ4 ಅಳತೆಯ ಬಣ್ಣದ ಪುಟ ಕುಗ್ಗಿಸದೆ ಇಟ್ಟರೆ 300ರಲ್ಲಿ ಸುಮಾರು 26 ಎಂಬಿ, 600ರಲ್ಲಿ ಅದರ ನಾಲ್ಕು ಪಟ್ಟು. ‘ಎಲ್‌ಝಡ್‌ಡಬ್ಲ್ಯೂ’ ಕುಗ್ಗಿಸುವಿಕೆ ಆರಿಸಿದರೆ ಏನೂ ಕಳೆಯದೆ ಸಣ್ಣದಾಗುತ್ತದೆ. ಬರೀ ಕಪ್ಪು-ಬಿಳಿ ಆರಿಸಿದರೆ ಮಾಸಿದ ಮೊಹರು, ನೀಲಿ ಶಾಯಿಯ ಷರಾ ಅಳಿಸಿಹೋಗುತ್ತದೆ.

ಕನ್ನಡಕ್ಕೆ ಈ ಎಚ್ಚರ ಹೆಚ್ಚೇ ಬೇಕು. ‘ದ’ಕ್ಕೂ ‘ಧ’ಕ್ಕೂ ನಡುವೆ ಇರುವುದು ಒಂದು ಸಣ್ಣ ಸೀಳು, ‘ಪ’ಕ್ಕೂ ‘ಷ’ಕ್ಕೂ ಹೊಟ್ಟೆಯೊಳಗಿನ ಒಂದು ಗೆರೆ. ಒರಟು ಜೆಪಿಜಿ ಮೊದಲು ನುಂಗುವುದು ಇಂಥದನ್ನೇ. ಕೆಲವು ಸ್ಕ್ಯಾನರುಗಳು ಪಿಡಿಎಫ್ ಸಣ್ಣದು ಮಾಡಲು ಬಳಸುವ ಜೆಬಿಐಜಿ2 ಎಂಬ ವಿಧಾನ ಇನ್ನೂ ಅಪಾಯದ್ದು. ಒಂದೇ ತರ ಕಂಡ ಅಕ್ಷರಗಳಿಗೆಲ್ಲ ಒಂದೇ ಅಚ್ಚು ಹಾಕಿಬಿಡುವ ಸಾಧ್ಯತೆ ಅದರಲ್ಲಿದೆ. ಸ್ಕ್ಯಾನ್ ಪ್ರತಿಯಲ್ಲಿ 6 ಇದ್ದದ್ದು 8 ಆದದ್ದನ್ನು 2013ರಲ್ಲಿ ಜರ್ಮನಿಯ ಸಂಶೋಧಕರೊಬ್ಬರು ಪತ್ತೆಹಚ್ಚಿದ್ದರು. ಪ್ರತಿ ಮಸುಕಾಗಿರಲಿಲ್ಲ, ಸ್ಪಷ್ಟವಾಗಿಯೇ ತಪ್ಪಾಗಿತ್ತು. ಸರ್ವೆ ನಂಬರು, ಸೆಂಟ್ಸ್ ಲೆಕ್ಕ ಇರುವ ಕಾಗದಕ್ಕೆ ಸ್ಕ್ಯಾನರಿನ ‘ಅತಿ ಸಣ್ಣ ಫೈಲ್’ ಆಯ್ಕೆ ಬೇಡ.

ಕಳಿಸುವಾಗ

ವಾಟ್ಸಾಪಿನಲ್ಲಿ ಗ್ಯಾಲರಿಯಿಂದ ಆರಿಸಿ ಕಳಿಸಿದರೆ ಚಿತ್ರ ಕುಗ್ಗಿ ಜೆಪಿಜಿಯಾಗಿ ಹೋಗುತ್ತದೆ. ಪಿಎನ್‌ಜಿ ಲಾಂಛನದ ಪಾರದರ್ಶಕ ಭಾಗ ಕಪ್ಪೋ ಬಿಳಿಯೋ ಆಗಿ ತಲುಪುವುದು ಅದಕ್ಕೇ. 2023ರಲ್ಲಿ ಬಂದ ‘ಎಚ್‌ಡಿ’ ಗುಂಡಿ ಒತ್ತಿದರೆ ಪಿಕ್ಸೆಲ್ ಹೆಚ್ಚು ಉಳಿಯುತ್ತದೆ, ಆದರೆ ಅದೂ ಮೂಲವಲ್ಲ. ಪಿನ್ ಗುರುತು ಒತ್ತಿ, ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಫೈಲ್ ಹುಡುಕಿ ಕಳಿಸಿದರೆ ಮಾತ್ರ ಒಂದು ಬೈಟೂ ಬದಲಾಗದೆ ಹೋಗುತ್ತದೆ. ಪಡೆದವರು ಅದನ್ನು ಮತ್ತೆ ಫೋಟೋವಾಗಿ ಗುಂಪಿಗೆ ಹಾಕಿದರೆ, ಅಲ್ಲಿಗೆ ಮುಗಿಯಿತು.

ಡಾಕ್ಯುಮೆಂಟ್ ಆಗಿ ಕಳಿಸುವಾಗ ಇನ್ನೊಂದು ವಿಷಯವೂ ಜೊತೆಗೆ ಹೋಗುತ್ತದೆ. ಫೋನಿನ ಜೆಪಿಜಿ, ಎಚ್‌ಇಐಸಿಯೊಳಗೆ ಫೋಟೋ ತೆಗೆದ ಸಮಯ, ಲೊಕೇಶನ್ ಆನ್ ಇದ್ದರೆ ಮನೆಯ ಜಿಪಿಎಸ್ ಗುರುತೂ ಇರುತ್ತದೆ. ಸಾಮಾನ್ಯ ಫೋಟೋವಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕಿತ್ತುಹಾಕುತ್ತದೆ, ಡಾಕ್ಯುಮೆಂಟಿನಲ್ಲಿ ಹಾಗೇ ಬಿಡುತ್ತದೆ. ಹಳೆಯ ಬೈಕು ಮಾರಲು ಅಂಗಳದಲ್ಲಿ ತೆಗೆದ ಫೋಟೋ ಅಪರಿಚಿತರಿಗೆ ಹೋಗುವುದಿದ್ದರೆ ಮೊದಲು ತೆಗೆದುಬಿಡಿ. ಐಫೋನಿನಲ್ಲಿ ಹಂಚುವ ಪರದೆಯ ಮೇಲ್ಗಡೆ ‘ಆಪ್ಷನ್ಸ್’ ಒತ್ತಿ ‘ಲೊಕೇಶನ್’ ಆಫ್ ಮಾಡಬೇಕು. ವಿಂಡೋಸಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಡೀಟೇಲ್ಸ್’. ಅದರ ಅಡಿಯಲ್ಲಿ ಮಾಹಿತಿ ತೆಗೆದುಹಾಕುವ ‘ರಿಮೂವ್’ ಸಾಲು ಸಿಗುತ್ತದೆ. ಹಾಗೆ ಮಾಡಿದರೆ ಚಿತ್ರದ ಪಿಕ್ಸೆಲ್‌ಗಳಿಗೆ ಏನೂ ಆಗುವುದಿಲ್ಲ.